ನೀರಿನ ಬಳೆ

ಗಂಬೋವಾದಲ್ಲಿ ನನ್ನ ಕೆಲಸ ಎಣಿಸುವುದು.
ಕಾಲುವೆಯಲ್ಲಿ ಹಡಗುಗಳು ಒಂದೊಂದು ಊರಿನಷ್ಟು ದೀಪ ಹೊತ್ತು ಸಾಗುತ್ತವೆ,
ಈಚೆ ನಾನು ಕೆಂಪು ಟಾರ್ಚು ಹಿಡಿದು
ಲಾರಿಯ ಗಾಲಿ ತೋಡಿದ ಹೊಂಡದ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತೇನೆ,
ಹೆಬ್ಬೆರಳ ಗೆಣ್ಣಿನಷ್ಟು ಕಪ್ಪೆಯೊಂದು
ತನ್ನ ತಲೆಗಿಂತ ದೊಡ್ಡ ಗುಳ್ಳೆ ಊದಿಕೊಂಡು
ಎಷ್ಟು ಸಲ ಕೂಗಿತು, ಕೊನೆಗೆ ಎಷ್ಟು ಟಕ್ ಸೇರಿಸಿತು,
ಪೆನ್ಸಿಲ್ಲಿನಲ್ಲಿ ಗೀಟು ಹಾಕಲು.

ಒಂಟಿಯಾಗಿದ್ದರೆ ಬರೀ ಊಂವ್,
ಮೇಲಿಂದ ಕೆಳಗೆ ಜಾರುವ ಒಂದು ಕೊರಗು, ಅಷ್ಟೆ.
ಎದುರು ಹೊಂಡಕ್ಕೆ ಇನ್ನೊಬ್ಬ ಬಂದನೋ
ಕೊರಗಿನ ಬಾಲಕ್ಕೆ ಒಂದು ಟಕ್.
ಅವನು ಎರಡು ಹಾಕಿದರೆ ಇವನು ಮೂರು.
ಹೆಣ್ಣು ಟಕ್ ಇದ್ದ ಕಡೆ ನಡೆಯುತ್ತದೆ.
ಬಾವಲಿಯೂ.

ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಲಾಗದು ಅನ್ನುತ್ತಾರೆ.
ಇಲ್ಲಿ ಪ್ರತಿ ರಾತ್ರಿ ತೂಗುತ್ತಾರೆ:
ಒಂದು ತಟ್ಟೆ ಹೆಣ್ಣಿನ ಕಿವಿ, ಒಂದು ತಟ್ಟೆ ಬಾವಲಿಯ ಕಿವಿ.
ಬಹಳ ಕೂಗಿದವರು ಹೊಟ್ಟೆ ಸೇರಿದರು.
ಕೂಗದವರು ಬದುಕಿದರು, ಅವರ ವಂಶ ಬದುಕಲಿಲ್ಲ.
ಈ ಕೂಗು ಉಳಿದದ್ದು ನಡುವಿನ ಸಂದಿಯಲ್ಲಿ,
ಇಬ್ಬರು ಗಿರಾಕಿಗಳು ತಲೆತಲಾಂತರ ಚೌಕಾಸಿ ಮಾಡಿ
ಸವೆಸಿದ ಬೆಲೆಯ ಹಾಗೆ.

ರೆಕ್ಕೆಯ ನೆರಳು ಕಂಡದ್ದೇ ತಡ, ಬಾಯಿ ಬಂದ್.
ಹೊಂಡಕ್ಕೆ ಹೊಂಡವೇ ಗಪ್‌ಚುಪ್.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು:
ಯಾರೋ ಒಣ ನೆಲದಲ್ಲಿ ಕೂತು ಹೇಳಿದ್ದು.
ನೀರಲ್ಲಿ ಆಡಿದ್ದು ಹೋಗುವುದಿಲ್ಲ.
ಊದಿದ ಗಂಟಲು ನೀರಿಗೆ ತೊಡಿಸಿದ ಬಳೆ
ಕೂಗು ಸತ್ತ ಮೇಲೂ ಅಗಲವಾಗುತ್ತ, ಅಗಲವಾಗುತ್ತ
ಒಂದು ಉಸಿರು, ಎರಡು ಉಸಿರು.
ಬಾವಲಿ ಆ ಬಳೆಯನ್ನು ತನ್ನ ದನಿಯಿಂದ ತಡವಿ
ನಟ್ಟನಡುವೆ ಇಳಿಯುತ್ತದೆ.
ತರಗೆಲೆ ಹಾಸಿದ ಹೊಂಡ ಆರಿಸಿಕೊಂಡವನಿಗೆ ಇನ್ನೊಂದು ರಾತ್ರಿ.

ಅಪ್ಪ ಎರಾಸ್ಮೊ ಸಿಕ್ಕಿಬಿದ್ದದ್ದೂ ಹೀಗೇ.
ಹೂಳೆತ್ತುವ ಹಡಗಿನವರ ಸಾಲುಮನೆ, ಹಿಂದೆ ಮಾವಿನ ಮರ,
ಕೊಂಬೆಯ ಮೇಲೆ ಅವನು, ಕಿಟಕಿಯೊಳಗೆ ಬ್ರಿಹಿಡಾ,
ಆಗಿನ್ನೂ ಯಾರ ಅಮ್ಮನೂ ಅಲ್ಲ.
ಮೂರನೇ ಮನೆಯ ಹುಡುಗನೂ ಸಿಳ್ಳೆ ಹಾಕುತ್ತಿದ್ದನಂತೆ,
ಅದಕ್ಕೇ ಅಪ್ಪ ತನ್ನ ಸಿಳ್ಳೆಯ ತುದಿಗೆ
ನಾಲಿಗೆಯಲ್ಲೊಂದು ಟಕ್ ಕಲಿತಿದ್ದ.
ತಾತನ ಬೂಟು ಕೇಳಿದ್ದೇ ಸಿಳ್ಳೆ ನುಂಗಿದ.
ಕೊಂಬೆ ನುಂಗಲಿಲ್ಲ.
ಗಾಳಿ ಸತ್ತ ರಾತ್ರಿ, ಇಡೀ ಮರ ನಿಂತಿದೆ,
ಒಂದೇ ಒಂದು ಕೊಂಬೆ ತೂಗುತ್ತಿದೆ.
ನಾಯಿಯ ಹಲ್ಲು ಮೀನಖಂಡದಲ್ಲಿ ಇವತ್ತಿಗೂ ನಾಲ್ಕು ಚುಕ್ಕೆ.
ಚಳಿ ಹಿಡಿದಾಗ ಅಮ್ಮ ಅದಕ್ಕೆ ಎಣ್ಣೆ ತಿಕ್ಕುತ್ತಾಳೆ,
‘ಸಿಳ್ಳೆಯೇನೂ ಅಂಥ ಚೆನ್ನಾಗಿರಲಿಲ್ಲ’ ಅನ್ನುತ್ತಾಳೆ,
‘ಆ ಟಕ್ ಇತ್ತಲ್ಲ.’

ಕಳೆದ ತಿಂಗಳು ಎಣಿಸಲು ಪನಾಮಾ ನಗರಕ್ಕೆ ಕಳಿಸಿದರು.
ಬಸ್ ನಿಲ್ದಾಣದ ಹಿಂದಿನ ಚರಂಡಿ, ಹಳದಿ ದೀಪ, ಕರಿದ ಬಾಳೆಕಾಯಿಯ ವಾಸನೆ.
ಅಲ್ಲಿಗೆ ಬಾವಲಿ ಬರುವುದಿಲ್ಲ.
ಪ್ಲಾಸ್ಟಿಕ್ ಲೋಟದ ಪಕ್ಕ ಕೂತು ಕಪ್ಪೆ ಹಾಕುತ್ತಿತ್ತು
ಟಕ್ ಟಕ್ ಟಕ್ ಟಕ್,
ನನ್ನ ಗೀಟು ಸಾಲು ಮೀರಿ ಅಂಚಿಗೆ ಹೋಯಿತು.
ಡಬ್ಬಿಯಲ್ಲಿ ತಂದು ಕಾಡಿನ ಸದ್ದಿನ ನಡುವೆ ಇಟ್ಟೆವು,
ಅದು ತಾನಾಗಿ ಟಕ್ ಇಳಿಸಿತು, ಯಾರೂ ಹೇಳಿಕೊಡದೆ.
ಕಾಡಿನದನ್ನು ನಗರಕ್ಕೆ ಒಯ್ದೆವು.
ಅದು ಅಲ್ಲೂ ಅಳೆದು ಸುರಿದೇ ಕೂಗಿತು,
ತಲೆಯ ಮೇಲೆ ಬರೀ ಬಲ್ಬಿದ್ದರೂ.

ಈಗ ಗಂಟೆ ಎರಡು. ಮೇಲೆ ಏನೋ ಹಾದುಹೋಯಿತು.
ಹೊಂಡ ಉಸಿರು ಹಿಡಿದಿದೆ.
ಕೆಂಪು ಬೆಳಕಲ್ಲಿ ಒಂದು ಬಳೆ ಹೊರಟು
ನನ್ನ ಬೂಟಿನ ತುದಿ ಮುಟ್ಟಿ ಹಿಂದಿರುಗುತ್ತಿದೆ.
ಕೂಗು ಇಲ್ಲ. ಬಳೆ ಇದೆ.
ಪೆನ್ಸಿಲ್ ಎತ್ತಿ ಹುಡುಕುತ್ತೇನೆ,
ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.